ಕಡ್ಡಿ ತಿರುಗಿತು ಸರಿ, ತಿರುಗಿಸಿದ್ದು ಯಾರು?

ಹೋದ ಬೇಸಿಗೆಯಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. "ಒಂದು ಮಿಷನ್ ಬಂದಿದೆ ಕಣೋ. ಅರ್ಧ ಕಿಲೋಮೀಟರ್ ದೂರದಿಂದಲೇ ಚಿನ್ನ ಎಲ್ಲಿದೆ ಅಂತ ತೋರಿಸುತ್ತಂತೆ. ಭಾನುವಾರ ಬಾ, ನೀನೂ ನೋಡು" ಅಂದರು. ನಮ್ಮೂರಾಚೆ ಹಳೇ ಕೋಟೆಯ ಮುರುಕು ಗೋಡೆ ಇದೆ. ಅದರ ಪಕ್ಕದಲ್ಲೇ ನಮ್ಮ ಹೊಲ. ಪಾಳೇಗಾರರ ಕಾಲದ ಕೊಪ್ಪರಿಗೆ ಅಲ್ಲೆಲ್ಲೋ ಹೂತಿದೆ ಅನ್ನುವ ಮಾತು ನಾನು ಹುಟ್ಟುವ ಮೊದಲಿನಿಂದಲೂ ಇದೆ.

ಹೋದೆ. ಮಿಷನ್ ತಂದಿದ್ದವರು ಸೂಟ್‌ಕೇಸ್ ತೆರೆದರು. ಒಳಗೆ ಪಿಸ್ತೂಲಿನ ಹಿಡಿಯಂಥ ಒಂದು ಹಿಡಿಕೆ. ಹಿಡಿಕೆಯ ಮೇಲೆ ಆಚೀಚೆ ಸಲೀಸಾಗಿ ತಿರುಗುವ ಕೀಲು. ಕೀಲಿಗೆ ಸಿಕ್ಕಿಸಿದ, ಹಳೇ ರೇಡಿಯೋದಲ್ಲಿ ಇರುತ್ತಿತ್ತಲ್ಲ, ಆ ಥರದ ಎಳೆಯುವ ಆಂಟೆನಾ. ಹಿಡಿಕೆಯಿಂದ ಒಂದು ವೈರು ಹೊರಟು ಸೊಂಟಕ್ಕೆ ಕಟ್ಟುವ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿಯ ಮೇಲೆ ಚಿಕ್ಕ ಸ್ಕ್ರೀನು. ಅದರಲ್ಲಿ ಚಿನ್ನ, ಬೆಳ್ಳಿ, ತಾಮ್ರ, ವಜ್ರ, ನೀರು ಅಂತ ಪಟ್ಟಿ. ಬೇಕಾದ್ದನ್ನು ಒತ್ತಿದರೆ ಬೀಪ್ ಅನ್ನುತ್ತಿತ್ತು.

ಚಿಕ್ಕಮ್ಮನ ಉಂಗುರವನ್ನು ಬದುವಿನ ಮೇಲೆ ಟವೆಲ್ ಕೆಳಗೆ ಇಟ್ಟರು. ಮಿಷನ್ ತಂದವರು ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಧಾನವಾಗಿ ನಡೆದು ಬಂದರು. ಆಂಟೆನಾ ಟವೆಲಿನ ಕಡೆ ತಿರುಗಿತು. ಇನ್ನೊಂದು ದಿಕ್ಕಿನಿಂದ ಬಂದರು, ಆಗಲೂ ತಿರುಗಿತು. ಕೊನೆಗೆ ಹಿಡಿಕೆಯನ್ನು ಚಿಕ್ಕಪ್ಪನ ಕೈಗೇ ಕೊಟ್ಟರು. ಅವರ ಕೈಯಲ್ಲೂ ತಿರುಗಿತು. "ನಾನೇನೂ ಮಾಡ್ಲಿಲ್ಲ ಕಣೋ, ಅದೇ ತಿರುಗ್ತು!" ಅಂದರು ಚಿಕ್ಕಪ್ಪ. ಅವರು ಸುಳ್ಳು ಹೇಳುವವರಲ್ಲ. ಏನೂ ಮಾಡಿಲ್ಲ ಅಂತ ಅವರಿಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು. ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಬೆಲೆ ಮೂರೂವರೆ ಲಕ್ಷ ಅಂದರು. ಅವತ್ತು ಕೊಳ್ಳುವುದು ಬೇಡ, ಒಂದು ವಾರ ಟೈಮ್ ಕೊಡಿ ಅಂತ ಚಿಕ್ಕಪ್ಪನನ್ನು ಕೇಳಿಕೊಂಡೆ. ಆ ವಾರ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಜವಾಗಿ ಕೆಲಸ ಮಾಡುವ ಯಂತ್ರವನ್ನು ನೋಡೋಣ. ಬಸ್ ಸ್ಟ್ಯಾಂಡು, ಮಾಲ್, ಕೋರ್ಟುಗಳಲ್ಲಿ ಮೈಮೇಲೆ ಆಡಿಸುವ ಮೆಟಲ್ ಡಿಟೆಕ್ಟರ್ ಎಲ್ಲರಿಗೂ ಗೊತ್ತು. ಅದರೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ಸುತ್ತಲೂ ಆಯಸ್ಕಾಂತದ ಶಕ್ತಿ ಏರಿಳಿಯುತ್ತದೆ. ಹತ್ತಿರದಲ್ಲಿ ಲೋಹ ಇದ್ದರೆ ಆ ಏರಿಳಿತಕ್ಕೆ ಲೋಹದೊಳಗೂ ಸಣ್ಣ ಸಣ್ಣ ಸುಳಿಗಳಂತೆ ವಿದ್ಯುತ್ತು ಹರಿಯುತ್ತದೆ. ಆ ಸುಳಿಗಳು ತಮ್ಮದೇ ಆಯಸ್ಕಾಂತ ಶಕ್ತಿಯನ್ನು ಹುಟ್ಟಿಸಿ ವಾಪಸು ಕಳಿಸುತ್ತವೆ. ಅದನ್ನು ಹಿಡಿದು ಯಂತ್ರ ಕೂಗುತ್ತದೆ. ಅಷ್ಟೇ. ಇದರಲ್ಲಿ ಗುಟ್ಟು ಅನ್ನುವುದೇ ಇಲ್ಲ, ಬೇಕಾದವರು ಮನೆಯಲ್ಲೇ ಕಟ್ಟಿಕೊಳ್ಳಬಹುದು.

ಈ ಯಂತ್ರಕ್ಕೆ ಒಂದು ದೊಡ್ಡ ಮಿತಿ ಇದೆ. ಒಂದು ನಾಣ್ಯವನ್ನು ಒಳ್ಳೆಯ ಡಿಟೆಕ್ಟರ್ 20ರಿಂದ 30 ಸೆಂಟಿಮೀಟರ್ ಆಳದಲ್ಲಿ ಹಿಡಿಯುತ್ತದೆ. ದೊಡ್ಡ ಕಬ್ಬಿಣದ ಡ್ರಮ್ಮಾದರೆ ಒಂದೆರಡು ಮೀಟರ್. ಇಷ್ಟೇನಾ ಅನ್ನಿಸಬಹುದು. ಕಾರಣ ಹೀಗಿದೆ. ಸುರುಳಿಯಿಂದ ಹೊರಟ ಶಕ್ತಿ ದೂರ ಹೋದಂತೆ ಬಹಳ ಬೇಗ ಸೋಲುತ್ತದೆ: ದೂರ ಎರಡರಷ್ಟಾದರೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನಾಣ್ಯದಿಂದ ವಾಪಸು ಬರುವಾಗಲೂ ಅದೇ ಕಥೆ. ಹೋಗುವಾಗ ಎಂಟು, ಬರುವಾಗ ಎಂಟು, ಒಟ್ಟು ಅರವತ್ನಾಲ್ಕು. 30 ಸೆಂಟಿಮೀಟರಿನಲ್ಲಿ ಸಿಗುತ್ತಿದ್ದ ಸದ್ದು 60ಕ್ಕೆ ಹೋದಾಗ 64ರಲ್ಲಿ ಒಂದು ಪಾಲು. 1.2 ಮೀಟರಿಗೆ ಹೋದಾಗ 4,096ರಲ್ಲಿ ಒಂದು ಪಾಲು. ಇದೇ ಲೆಕ್ಕದಲ್ಲಿ 500 ಮೀಟರಿಗೆ ಹೋದರೆ, 2ರ ಮುಂದೆ 19 ಸೊನ್ನೆ ಹಾಕಿ, ಅಷ್ಟರಲ್ಲಿ ಒಂದು ಪಾಲು. ಸೊಂಟದ ಡಬ್ಬಿಯ ಒಂಬತ್ತು ವೋಲ್ಟಿನ ಬ್ಯಾಟರಿ ಇರಲಿ, ಊರಿನ ಟ್ರಾನ್ಸ್‌ಫಾರ್ಮರ್ ಹೊತ್ತು ನಡೆದರೂ ಆ ಸದ್ದು ಕೇಳುವುದಿಲ್ಲ.

ನಿಜವಾದ ಡಿಟೆಕ್ಟರಿಗೆ ಇನ್ನೊಂದು ಕೊರತೆಯೂ ಇದೆ. ಚಿನ್ನದ ಉಂಗುರಕ್ಕೂ ಸುಕ್ಕಾದ ಅಲ್ಯುಮಿನಿಯಂ ಹಾಳೆಗೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಥರದ ಸದ್ದು ಬರಬಹುದು. ಕಬ್ಬಿಣದ ಅಂಶ ಜಾಸ್ತಿ ಇರುವ ಕೆಂಪು ಮಣ್ಣಿನಲ್ಲಂತೂ ಮಣ್ಣೇ ಕೂಗಿಸಿಬಿಡುತ್ತದೆ. ಮೊಬೈಲಿನಲ್ಲಿ ಇಳಿಸಿಕೊಳ್ಳುವ "ಚಿನ್ನ ಹುಡುಕುವ ಆ್ಯಪ್" ಇನ್ನೂ ಕಡಿಮೆ. ಫೋನಿನಲ್ಲಿ ಇರುವುದು ದಿಕ್ಸೂಚಿಯ ಸೆನ್ಸರ್. ಅದಕ್ಕೆ ಹತ್ತಿರದ ಕಬ್ಬಿಣ ಗೊತ್ತಾಗುತ್ತದೆ, ಚಿನ್ನ ಗೊತ್ತಾಗುವುದಿಲ್ಲ.

"ಅದು ಹಳೇ ಟೆಕ್ನಾಲಜಿ ಸಾರ್, ನಮ್ಮದು ಫ್ರೀಕ್ವೆನ್ಸಿ ಮೇಲೆ ಕೆಲಸ ಮಾಡುತ್ತೆ" ಅಂದಿದ್ದರು ಸೂಟ್‌ಕೇಸಿನವರು. ಲಾಂಗ್ ರೇಂಜ್ ಲೊಕೇಟರ್ ಅನ್ನುವ ಹೆಸರಿನಲ್ಲಿ ಮಾರುವವರೆಲ್ಲ ಹೇಳುವ ಮಾತು ಇದು. ಒಂದೊಂದು ಲೋಹಕ್ಕೂ ಅದರದೇ ಕಂಪನ ಇದೆ, ಡಬ್ಬಿ ಆ ಕಂಪನ ಕಳಿಸುತ್ತದೆ, ಭೂಮಿಯೊಳಗಿನ ಚಿನ್ನ ಓಗೊಡುತ್ತದೆ ಅನ್ನುವುದು ಅವರ ವಾದ.

ಈ ಮಾತಿನಲ್ಲಿ ಒಂದು ಎಳೆ ನಿಜ ಇರುವುದರಿಂದಲೇ ಓದಿದವರೂ ನಂಬುತ್ತಾರೆ. ಚಿನ್ನದ ಪರಮಾಣುವಿಗೆ ಅದರದೇ ಗುರುತು ಇರುವುದು ಹೌದು. ಆ ಗುರುತನ್ನು ಓದುವ ಮಿಷನ್ ನಿಮ್ಮೂರ ದೊಡ್ಡ ಚಿನ್ನದಂಗಡಿಯಲ್ಲೇ ಇದೆ. ಕ್ಯಾರೆಟ್ ಎಷ್ಟು ಅಂತ ನೋಡಲು ಒಡವೆಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕುತ್ತಾರಲ್ಲ, ಅದು. ಅದು ಒಡವೆಯ ಮೇಲೆ ಎಕ್ಸ್-ರೇ ಬಿಡುತ್ತದೆ. ಚಿನ್ನದ ಪರಮಾಣುಗಳು ತಮ್ಮದೇ ಬಗೆಯ ಎಕ್ಸ್-ರೇ ವಾಪಸು ಸೂಸುತ್ತವೆ. ಆದರೆ ಅದು ಓದುವುದು ಒಡವೆಯ ಮೇಲ್ಮೈಯನ್ನು ಮಾತ್ರ, ಕೂದಲೆಳೆಗಿಂತ ತೆಳುವಾದ ಪದರವನ್ನು. ಒಳಗೆ ಬೇರೆ ಲೋಹ ತುಂಬಿ ಮೇಲೆ ದಪ್ಪಗೆ ಚಿನ್ನ ಕೂರಿಸಿದರೆ ಆ ಮಿಷನ್ನೂ ಮೋಸ ಹೋಗುತ್ತದೆ. ಲಕ್ಷಾಂತರ ರೂಪಾಯಿಯ ಆ ಮಿಷನ್ನಿಗೆ ಬಳೆಯ ಒಳಗೇ ಕಾಣದಿದ್ದರೆ, ಬ್ಯಾಟರಿ ಡಬ್ಬಿಗೆ ಬೆಟ್ಟದಾಚೆ ಕಾಣುವುದು ಹೇಗೆ?

ಬಹಳ ವರ್ಷ ಹೂತಿದ್ದ ಚಿನ್ನ ತನ್ನ ಸುತ್ತ ಅಯಾನು ಅನ್ನುವ ವಿದ್ಯುತ್ ಕಣಗಳ ಪ್ರಭೆ ಬಿಡುತ್ತದೆ, ಅದನ್ನು ಆಂಟೆನಾ ಹಿಡಿಯುತ್ತದೆ ಅನ್ನುವವರೂ ಇದ್ದಾರೆ. ಇದು ಪೂರ್ತಿ ತಲೆಕೆಳಗು. ಚಿನ್ನಕ್ಕೆ ಬೆಲೆ ಬಂದಿದ್ದೇ ಅದು ಗಾಳಿ, ನೀರು, ಮಣ್ಣು ತಾಗಿದರೂ ಕೆಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಅಂತ. ಸಾವಿರ ವರ್ಷ ಮಣ್ಣಲ್ಲಿದ್ದ ಚಿನ್ನದ ನಾಣ್ಯ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಏನನ್ನೂ ಬಿಟ್ಟುಕೊಡದೆ ಸುಮ್ನೆ ಕೂತಿರುವ ಲೋಹ ಅದು.

ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿ ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ. ಅದಿರು ಎತ್ತ ಸಾಗಿದೆ ಅಂತ ತಿಳಿಯಲು ಉದ್ದದ ಕೊಳವೆ ಕೊರೆದು, ಕಲ್ಲಿನ ಕಂಬಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದರು. ಖರ್ಚು ಮೀರಿ, ಅದಿರು ಬಡವಾಗಿ, 2001ರಲ್ಲಿ ಅದು ಮುಚ್ಚಿತು. ಮೂರೂವರೆ ಲಕ್ಷದ ಹಿಡಿಕೆಯೊಂದು ಅರ್ಧ ಕಿಲೋಮೀಟರ್ ದೂರದ ಚಿನ್ನ ತೋರಿಸುವಂತಿದ್ದರೆ ಅದನ್ನು ಮೊದಲು ಕೊಳ್ಳುತ್ತಿದ್ದವರು ಗಣಿಯವರೇ ಅಲ್ವಾ?

ಸರಿ, ಚಿನ್ನ ಕರೆಯುತ್ತಿಲ್ಲ, ಡಬ್ಬಿ ಕೇಳುತ್ತಿಲ್ಲ. ಹಾಗಾದರೆ ಆಂಟೆನಾ ತಿರುಗಿದ್ದು ಯಾಕೆ?

ತೋಟದ ಗೇಟನ್ನು ನೆನಪಿಸಿಕೊಳ್ಳಿ. ಕಂಬ ನೆಟ್ಟಗಿದ್ದರೆ ಗೇಟು ಬಿಟ್ಟಲ್ಲೇ ನಿಲ್ಲುತ್ತದೆ. ಕಂಬ ಒಂಚೂರು ವಾಲಿದರೆ ಯಾರೂ ಮುಟ್ಟದಿದ್ದರೂ ತಗ್ಗಿನ ಕಡೆಗೆ ತಾನೇ ತಿರುಗಿಕೊಳ್ಳುತ್ತದೆ. ಈ ಯಂತ್ರದ ಹಿಡಿಕೆಯೇ ಆ ಕಂಬ, ಆಂಟೆನಾವೇ ಗೇಟು. ಕೀಲು ನುಣುಪಾಗಿದ್ದಷ್ಟೂ ಕೆಲಸ ಸುಲಭ. ಮಣಿಕಟ್ಟು ಕಣ್ಣಿಗೆ ಕಾಣದಷ್ಟು ವಾಲಿದರೂ ಆಂಟೆನಾ ಅರ್ಧ ಸುತ್ತು ಬರುತ್ತದೆ. ಸಣ್ಣ ಚಲನೆಯನ್ನು ದೊಡ್ಡದು ಮಾಡಿ ತೋರಿಸುವ ಸಾಧನ ಅಂತ ಇದನ್ನು ಕರೆದರೆ ಮಾತ್ರ ಅದು ನಿಜವಾದ ಹೆಸರು. ತೋರಿಸುವುದು ಕೈಯ ಚಲನೆಯನ್ನು.

ಆದರೆ ಕೈ ಯಾಕೆ ವಾಲುತ್ತದೆ? ಮನಸ್ಸು ಏನನ್ನು ನಿರೀಕ್ಷಿಸುತ್ತದೋ, ಸ್ನಾಯು ಅದನ್ನು ನಮಗೆ ತಿಳಿಸದೆಯೇ ಸ್ವಲ್ಪ ಮಾಡಿಬಿಡುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್ ದಾರಕ್ಕೆ ಕಟ್ಟಿದ ತೂಕದ ಮೇಲೆ ಪ್ರಯೋಗ ಮಾಡಿ 1833ರಲ್ಲಿ ಇದನ್ನು ಬರೆದ. ಕಣ್ಣು ತೆರೆದಿದ್ದಾಗ ಅವನ ಕೈಯಲ್ಲೇ ಆಡುತ್ತಿದ್ದ ತೂಕ, ಕಣ್ಣು ಕಟ್ಟಿದಾಗ ನಿಂತುಹೋಯಿತು. 1852ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇದಕ್ಕೆ ಐಡಿಯೊಮೋಟರ್ ಅಂತ ಹೆಸರಿಟ್ಟ. ಮರುವರ್ಷವೇ ಮೈಕೆಲ್ ಫ್ಯಾರಡೆ ಒಂದು ಚಂದದ ಪರೀಕ್ಷೆ ಮಾಡಿದ. ಆಗ ಲಂಡನ್ನಿನಲ್ಲಿ ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಮೇಜು ತಾನೇ ತಿರುಗುತ್ತದೆ, ಅದು ಆತ್ಮಗಳ ಕೆಲಸ ಅನ್ನುತ್ತಿದ್ದರು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಸುಲಭಕ್ಕೆ ಜಾರುವ ಹಲಗೆಗಳನ್ನಿಟ್ಟು, ಕೈ ತಳ್ಳಿದರೆ ಒಂದು ಕಡ್ಡಿ ವಾಲುವಂತೆ ಮಾಡಿದ. ತಳ್ಳುತ್ತಿದ್ದದ್ದು ಕೈಗಳೇ. ಆ ಕಡ್ಡಿಯನ್ನು ಅವರ ಕಣ್ಣೆದುರಿಗೇ ಇಟ್ಟಾಗ ಮೇಜು ತಿರುಗುವುದೇ ನಿಂತಿತು. ನೆನಪಿರಲಿ, ಆಯಸ್ಕಾಂತದ ಶಕ್ತಿ ಏರಿಳಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ ಅಂತ ಲೋಕಕ್ಕೆ ತೋರಿಸಿದ, ಇವತ್ತಿನ ಮೆಟಲ್ ಡಿಟೆಕ್ಟರಿನ ಬೇರು ಯಾರ ಕೆಲಸದಲ್ಲಿದೆಯೋ, ಆ ಫ್ಯಾರಡೆಯೇ ಇವನು.

ನೀವೂ ಈಗಲೇ ಮಾಡಿ ನೋಡಬಹುದು. ಒಂದಡಿ ದಾರಕ್ಕೆ ಉಂಗುರ ಕಟ್ಟಿ. ಮೊಣಕೈಯನ್ನು ಮೇಜಿನ ಮೇಲೆ ಊರಿ ದಾರ ಹಿಡಿಯಿರಿ. ಕೈ ಅಲ್ಲಾಡಿಸಬೇಡಿ. ಉಂಗುರ ಗುಂಡಗೆ ಸುತ್ತುತ್ತಿದೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಾ ಅದನ್ನೇ ನೋಡಿ. ಬಹಳ ಜನರಿಗೆ ಅರ್ಧ ನಿಮಿಷದೊಳಗೆ ಅದು ಸುತ್ತತೊಡಗುತ್ತದೆ. ಆಗ ಮೈ ಜುಮ್ಮೆನ್ನುತ್ತದೆ. ಚಿಕ್ಕಪ್ಪನಿಗೆ ಹೊಲದಲ್ಲಿ ಆಗಿದ್ದು ಅದೇ.

ಕಡ್ಡಿ ಹಿಡಿದು ಲೋಹ ಹುಡುಕುವುದು ಹಳೇ ಪದ್ಧತಿ. ಜರ್ಮನಿಯ ಗಣಿಗಳಲ್ಲಿ ಕವಲು ಕೊಂಬೆ ಹಿಡಿದು ಅದಿರು ಹುಡುಕುತ್ತಿದ್ದರು. ನಿಜವಾದ ಗಣಿಗಾರನಿಗೆ ಆ ಕೊಂಬೆ ಬೇಡ, ನೆಲದ ಲಕ್ಷಣ ಓದಲು ಬಂದರೆ ಸಾಕು ಅಂತ ಅಗ್ರಿಕೋಲ ಅನ್ನುವ ಪಂಡಿತ 1556ರಲ್ಲೇ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಈಚಿನವರು ಕೊಂಬೆಯ ಜಾಗದಲ್ಲಿ ಆಂಟೆನಾ ಹಾಕಿ, ಸ್ಕ್ರೀನು ಅಂಟಿಸಿದರು. ಅಷ್ಟರಿಂದ ಏನಾಯಿತು ಅನ್ನುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಕ್ವಾಡ್ರೊ ಟ್ರ್ಯಾಕರ್ ಅಂತ ಒಂದು ಬಂತು. ಶಾಲೆಗಳಿಗೆ, ಪೊಲೀಸರಿಗೆ ಡ್ರಗ್ಸ್ ಹುಡುಕಲು ಅಂತ ಮಾರಿದರು. ಬಿಚ್ಚಿ ನೋಡಿದಾಗ ಪ್ಲಾಸ್ಟಿಕ್ ಡಬ್ಬಿ ಟೊಳ್ಳು. 1996ರಲ್ಲಿ ಕೋರ್ಟು ಮಾರಾಟ ನಿಲ್ಲಿಸಿತು. ಅಲ್ಲೇ ಕಳೆದುಹೋದ ಗಾಲ್ಫ್ ಚೆಂಡು ಹುಡುಕುವ ಸಾಧನ ಅಂತ ಇಂಥದ್ದೇ ಒಂದು ಆಟಿಕೆಯನ್ನು ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿ ಮಾರುತ್ತಿದ್ದರು. ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಅನ್ನುವ ಮಾಜಿ ಪೊಲೀಸ್ ಆ ಆಟಿಕೆಗಳನ್ನು ತರಿಸಿ, ಲೇಬಲ್ ಬದಲಿಸಿ, ಬಾಂಬ್ ಪತ್ತೆ ಯಂತ್ರ ಅಂತ ಮಾರಲು ಶುರು ಮಾಡಿದ. ಮುಂದೆ ತಾನೇ ಮಾಡಿಸಿದ್ದಕ್ಕೆ ಎಡಿಇ 651 ಅಂತ ಹೆಸರಿಟ್ಟ. ನೆಲದೊಳಗೆ ಒಂದು ಕಿಲೋಮೀಟರ್ ಆಳದಲ್ಲಿರುವುದನ್ನೂ ತೋರಿಸುತ್ತದೆ ಅಂದ. ಬ್ಯಾಟರಿಯೇ ಇರಲಿಲ್ಲ. ಹಿಡಿದವನ ಮೈಯ ವಿದ್ಯುತ್ತೇ ಸಾಕು ಅಂದ. ಬೇರೆ ಬೇರೆ ವಸ್ತುವಿಗೆ ಬೇರೆ ಬೇರೆ ಕಾರ್ಡು. ಆ ಕಾರ್ಡು ತಯಾರಾಗುತ್ತಿದ್ದ ರೀತಿ ಕೇಳಿ: ಒಂದು ಗಾಜಿನ ಭರಣಿಯಲ್ಲಿ ಆ ವಸ್ತುವನ್ನೂ ಒಂದು ಸ್ಟಿಕರನ್ನೂ ವಾರದ ಕಾಲ ಒಟ್ಟಿಗೆ ಇಡುವುದು, ಆಮೇಲೆ ಸ್ಟಿಕರನ್ನು ಕಾರ್ಡಿಗೆ ಅಂಟಿಸುವುದು. 2010ರಲ್ಲಿ ಬಿಬಿಸಿ ಆ ಕಾರ್ಡನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಬಿಚ್ಚಿಸಿತು. ಒಳಗೆ ಇದ್ದದ್ದು ಬಟ್ಟೆ ಅಂಗಡಿಯಲ್ಲಿ ಕಳ್ಳತನ ತಡೆಯಲು ಹಾಕುವ ಬಗೆಯ ಟ್ಯಾಗು ಮಾತ್ರ.

ಇರಾಕ್ ಸರ್ಕಾರ ಇಂಥ ಸುಮಾರು 6,000 ಯಂತ್ರಗಳಿಗೆ ನಾಲ್ಕು ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿತ್ತು. ಬಾಗ್ದಾದಿನ ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಇದನ್ನೇ ಹಿಡಿದು ಗಾಡಿಗಳ ಪಕ್ಕದಲ್ಲಿ ನಡೆಯುತ್ತಿದ್ದರು. ಆಂಟೆನಾ ತಿರುಗದಿದ್ದರೆ ಗಾಡಿ ಮುಂದೆ. 2009ರ ಅಕ್ಟೋಬರ್ 25ರಂದು ಆ ನಗರದ ನಡುವೆ ಬಾಂಬು ತುಂಬಿದ ಗಾಡಿಗಳು ಸಿಡಿದು 150ಕ್ಕೂ ಹೆಚ್ಚು ಜನ ಸತ್ತರು. ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ ಕೋರ್ಟು ಹತ್ತು ವರ್ಷ ಜೈಲು ಹಾಕಿತು. ಅಷ್ಟಾದರೂ ಯಂತ್ರಗಳು ಚೆಕ್‌ಪೋಸ್ಟಿನಲ್ಲೇ ಉಳಿದವು. 2016ರ ಜುಲೈನಲ್ಲಿ ಬಾಗ್ದಾದಿನ ಕರ್ರಾದ ಅನ್ನುವ ಬಡಾವಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಾಂಬಿಗೆ ಬಲಿಯಾದ ಮೇಲೆಯೇ ಇರಾಕಿನ ಪ್ರಧಾನಿ ಅವನ್ನು ತೆಗೆಯಲು ಆದೇಶ ಕೊಟ್ಟಿದ್ದು. ಕೈಯಲ್ಲಿ ತಿರುಗುವುದನ್ನು ದಿನಾ ಕಂಡ ಸೈನಿಕನಿಗೆ, ಅದು ಸುಳ್ಳು ಅಂತ ಕಾಗದದಲ್ಲಿ ಬರೆದುಕೊಟ್ಟರೆ ನಾಟುವುದಿಲ್ಲ.

ಥಾಯ್ಲೆಂಡ್ ಕೂಡ ಇದೇ ಜಾತಿಯ ಜಿಟಿ200 ಕೊಂಡಿತ್ತು. ಅನುಮಾನ ಬಂದಾಗ ಅಲ್ಲಿನ ಸರ್ಕಾರ 2010ರಲ್ಲಿ ಪರೀಕ್ಷೆ ಮಾಡಿಸಿತು. ನಾಲ್ಕು ಡಬ್ಬಿ, ಒಂದರಲ್ಲಿ ಸ್ಫೋಟಕ, ಯಾವುದರಲ್ಲಿ ಅಂತ ಹಿಡಿದವರಿಗೆ ಗೊತ್ತಿಲ್ಲ. 20 ಸಲದಲ್ಲಿ ಸರಿಯಾಗಿದ್ದು 4. ಕಣ್ಣುಮುಚ್ಚಿ ಬೆರಳಿಟ್ಟಿದ್ದರೂ ಸರಾಸರಿ 5 ಸರಿಯಾಗಬೇಕು.

ನಿಧಿ ಹುಡುಕುವ ಯಂತ್ರ ತಪ್ಪಿದರೆ ಬಾಂಬು ಸಿಡಿಯುವುದಿಲ್ಲ, ನಿಜ. ಆದರೆ ಇಲ್ಲಿ ಸೋಲು ಸೋಲಿನ ಥರ ಕಾಣುವುದೇ ಇಲ್ಲ. ಆಂಟೆನಾ ತೋರಿಸಿದಲ್ಲಿ ಅಗೆದರೆ ಮೊಳೆ, ಲಾಳ, ನೇಗಿಲ ಗುಳದ ತುಂಡು ಏನಾದರೂ ಸಿಕ್ಕೇ ಸಿಗುತ್ತದೆ. ಜನ ನೂರಾರು ವರ್ಷ ಬಾಳಿದ ನೆಲ ಅದು. ಸಿಕ್ಕರೆ "ನೋಡಿ, ಲೋಹ ಇತ್ತಲ್ಲ" ಅನ್ನುತ್ತಾರೆ. ಸಿಗದಿದ್ದರೆ ಇನ್ನೂ ಆಳದಲ್ಲಿದೆ, ಗಳಿಗೆ ಸರಿಯಿಲ್ಲ, ನಿಧಿ ಜಾಗ ಬದಲಿಸಿತು. ಹಿಂದೆ ಅಂಜನ ಹಾಕಿ ನೋಡುವವರು ಹೇಳುತ್ತಿದ್ದ ನೆಪಗಳೇ ಈಗ ಬೀಪ್ ಸದ್ದಿನ ಜೊತೆ ಬರುತ್ತಿವೆ. ಇದರ ಹಿಂದೆಯೇ ಹಳೇ ಗುಡಿಯ ಪೀಠ ಕೀಳುವುದು, ಬಸವಣ್ಣನ ವಿಗ್ರಹ ಉರುಳಿಸುವುದು ನಡೆಯುತ್ತದೆ. ಆ ಗುಡಿಗಳಲ್ಲಿ ಇದ್ದ ಬೆಲೆಬಾಳುವ ವಸ್ತು ಆ ವಿಗ್ರಹವೇ ಆಗಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಇನ್ನು ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕರೂ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಇಂಥ ಯಂತ್ರ ನಿಮ್ಮ ಮನೆಗೂ ಬಂದರೆ ವಿಜ್ಞಾನದ ವಾದ ಬೇಡ. ಹತ್ತು ಬಕೆಟ್ ಸಾಕು. ಅಂಗಳದಲ್ಲಿ ದೂರ ದೂರಕ್ಕೆ ಬೋರಲು ಹಾಕಿ. ಮೊದಲು ಎಲ್ಲರಿಗೂ ಕಾಣುವಂತೆ ಒಂದರ ಕೆಳಗೆ ಉಂಗುರ ಇಟ್ಟು, ಮಿಷನ್ ಸರಿಯಾಗಿ ಕೆಲಸ ಮಾಡುತ್ತಿದೆ, ಜಾಗದಲ್ಲಿ ಏನೂ ಅಡ್ಡಿಯಿಲ್ಲ ಅಂತ ಮಾರುವವರಿಂದಲೇ ಒಪ್ಪಿಸಿ. ಇದನ್ನು ಬಿಡಬೇಡಿ, ಆಮೇಲೆ ಕರೆಂಟ್ ಲೈನಿನ ನೆಪ ಬರುತ್ತದೆ. ನಂತರ ಅವರನ್ನು ಒಳಗೆ ಕೂರಿಸಿ. ಒಬ್ಬರು ಚೀಟಿ ಎತ್ತಿ, ಬಂದ ನಂಬರಿನ ಬಕೆಟ್ ಕೆಳಗೆ ಉಂಗುರ ಇಟ್ಟು, ಅಲ್ಲಿಂದ ಹೊರಟುಹೋಗಬೇಕು. ಅಂಗಳದಲ್ಲಿ ಉಳಿದ ಯಾರಿಗೂ ಉತ್ತರ ಗೊತ್ತಿರಬಾರದು. ಗೊತ್ತಿರುವವರ ಮುಖವೇ ಹೇಳಿಬಿಡುತ್ತದೆ. ಹೀಗೆ ಹತ್ತು ಸಲ. ಅದೃಷ್ಟಕ್ಕೆ ಬಿಟ್ಟರೆ ಸರಾಸರಿ ಒಂದು ಸರಿಯಾಗುತ್ತದೆ. ಐದು ಅಥವಾ ಜಾಸ್ತಿ ಬರೀ ಅದೃಷ್ಟದಿಂದ ಸರಿಯಾಗುವುದು ಸಾವಿರಕ್ಕೆ ಒಂದೆರಡು ಸಲ ಮಾತ್ರ. ಅರ್ಧ ಕಿಲೋಮೀಟರ್ ನೋಡುವ ಯಂತ್ರಕ್ಕೆ ಅಂಗಳದ ಹತ್ತು ಬಕೆಟ್ ಕಷ್ಟವಾಗಬಾರದು.

ಚಿಕ್ಕಪ್ಪನ ಜೊತೆ ನಾನು ಇದನ್ನೇ ಮಾಡಿದೆ, ಮಿಷನ್ ಇಲ್ಲದೆ. ಬೇಲಿ ತಂತಿಯ ಎರಡು ತುಂಡನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಖಾಲಿ ಪೆನ್ನಿನ ಕೊಳವೆಗಳಲ್ಲಿ ಇಳಿಬಿಟ್ಟು ಅವರ ಎರಡೂ ಕೈಗೆ ಕೊಟ್ಟೆ. ಉಂಗುರ ಎಲ್ಲಿದೆ ಅಂತ ಗೊತ್ತಿದ್ದಾಗ ತಂತಿಗಳು ಪ್ರತಿ ಸಲ ಒಂದಕ್ಕೊಂದು ಅಡ್ಡ ಬಂದವು. "ಥೇಟ್ ಆ ಮಿಷನ್ ಥರಾನೇ" ಅಂದರು. ಆಮೇಲೆ ಚಿಕ್ಕಮ್ಮ ಚೀಟಿ ಎತ್ತಿ ಬಚ್ಚಿಟ್ಟು ಅಡುಗೆಮನೆಗೆ ಹೋಗುತ್ತಿದ್ದರು. ಮೊದಲ ಸುತ್ತಿನಲ್ಲಿ ಏಳನೇ ಬಕೆಟ್ ಮೇಲೆ ತಂತಿ ಜೋರಾಗಿ ತಿರುಗಿತು. ಎತ್ತಿದರೆ ಖಾಲಿ. ಉಂಗುರ ಎರಡನೆಯದರಲ್ಲಿ ಇತ್ತು. ಕತ್ತಲಾಗುವ ತನಕ ಹತ್ತು ಸುತ್ತು ಮುಗಿಸಿದೆವು. ಎರಡು ಸಲ ಸಿಕ್ಕಿತು.

ಚಿಕ್ಕಪ್ಪ ಬಕೆಟ್‌ಗಳನ್ನು ನೋಡಲಿಲ್ಲ. ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಹಂಗಾದ್ರೆ ಬೋರ್ ಪಾಯಿಂಟ್ ನೋಡ್ದೋನ ಕೈಲೂ ಹಿಂಗೇ ತಿರುಗಿತ್ತೇನೋ?"

ನಮ್ಮ ಹೊಲದಲ್ಲಿ ನೀರು ಬಾರದ ಬೋರು ಎರಡಿವೆ.